ವಾಂತಿಯ ಬೆನ್ನಿಗೇ ಎದೆನೋವು: ಅನ್ನನಾಳ ಒಡೆದರೆ ಯಾವ ಪರೀಕ್ಷೆ, ಯಾವ ಚಿಕಿತ್ಸೆ?

ಎದೆನೋವು ಅಂದ ಕೂಡಲೇ ನಮ್ಮ ಮನೆಗಳಲ್ಲಿ ಬರುವ ಊಹೆ ಎರಡೇ. ಒಂದು ಗ್ಯಾಸ್ಟ್ರಿಕ್, ಇನ್ನೊಂದು ಹಾರ್ಟ್ ಅಟ್ಯಾಕ್. ಗ್ಯಾಸ್ಟ್ರಿಕ್ ಅನ್ನಿಸಿದರೆ ಸೋಡಾ ಕುಡಿಸುತ್ತೇವೆ, ಹಾರ್ಟ್ ಅನ್ನಿಸಿದರೆ ಇಸಿಜಿ ಮಾಡಿಸಲು ಓಡುತ್ತೇವೆ. ಇವೆರಡೂ ಅಲ್ಲದ, ಆದರೆ ಇವೆರಡರ ವೇಷದಲ್ಲೂ ಬರುವ ಕಾಯಿಲೆಯೊಂದಿದೆ. ಜೋರಾಗಿ ವಾಂತಿ ಮಾಡುವಾಗ ಅನ್ನನಾಳವೇ ಸೀಳಿಹೋಗುವುದು. ವೈದ್ಯರು ಇದನ್ನು ಬೋರ್ಹಾವ್ ಸಿಂಡ್ರೋಮ್ ಅನ್ನುತ್ತಾರೆ. ತೀರಾ ಅಪರೂಪದ್ದು. ಅನ್ನನಾಳ ತೂತಾಗುವ ಪ್ರಕರಣಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಂಡೋಸ್ಕೋಪಿಯಂಥ ಉಪಕರಣ ಒಳಗೆ ಹಾಕುವಾಗ ಆಗುವಂಥವು. ತಾನಾಗಿ ಒಡೆಯುವುದು ಶೇ 15ರ ಆಸುಪಾಸು. ಆದರೆ ಒಡೆದರೆ ಮಾತ್ರ ಗಂಟೆ ಗಂಟೆಗೂ ಬೆಲೆಯಿದೆ. ಚಿಕಿತ್ಸೆಯೇ ಸಿಗದಿದ್ದರೆ ಬದುಕುವವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಇದನ್ನು ಇಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕ್ಯಾಶುಯಾಲ್ಟಿಯ ಬಾಗಿಲಲ್ಲಿ ನಿಂತು, ಸ್ಟೆಂಟ್ ಹಾಕಿಸಬೇಕಾ ಆಪರೇಷನ್ ಮಾಡಿಸಬೇಕಾ ಎಂದು ತಿಳಿಯದೆ ಕಾಗದಕ್ಕೆ ಸಹಿ ಹಾಕಬೇಕಾದ ಮನೆಯವರು ಒಬ್ಬರು. ರಾತ್ರಿ ಡ್ಯೂಟಿಯಲ್ಲಿ ಈ ಕಾಯಿಲೆಯನ್ನು ಮೊದಲ ಸಲ ನೋಡುವ ಕಿರಿಯ ವೈದ್ಯರು ಇನ್ನೊಬ್ಬರು. ಆಯ್ಕೆಗಳು ಹಲವಿವೆ. ಅವನ್ನು ಅಳೆಯಲು ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಎದೆಯೊಳಗೆ ಚೆಲ್ಲಿದ ಕೊಳೆ ಇದರಿಂದ ಹೊರಗೆ ಬರುತ್ತದಾ? ತೂತು ಮುಚ್ಚಿತು, ಸಾಕು ಎಂದು ಕೈತೊಳೆದುಕೊಂಡ ಚಿಕಿತ್ಸೆಗಳು ಸೋಲುವುದು ಈ ಜಾಗದಲ್ಲೇ.

ಒಳಗೆ ಆಗುವುದೇನು

ವಾಂತಿ ಬರುವಾಗ ಹೊಟ್ಟೆಯ ಸ್ನಾಯುಗಳು ಬಿಗಿದು ಜಠರವನ್ನು ಹಿಂಡುತ್ತವೆ. ಗಂಟಲಿನ ಬುಡದಲ್ಲಿರುವ ಸ್ನಾಯು ಆ ಹೊತ್ತಿಗೆ ಸಡಿಲಾಗಿ ದಾರಿ ಬಿಡಬೇಕು. ಬಿಡದಿದ್ದರೆ ಒತ್ತಡವೆಲ್ಲ ಅನ್ನನಾಳದ ಕೆಳಭಾಗದ ಮೇಲೆ ಬೀಳುತ್ತದೆ. ಕರುಳಿಗೆ ಇರುವಂಥ ಗಟ್ಟಿ ಹೊರಪದರ ಅನ್ನನಾಳಕ್ಕೆ ಇಲ್ಲ. ಹಾಗಾಗಿ ಅದು ಉದ್ದಕ್ಕೆ ಸೀಳುತ್ತದೆ. ಹೆಚ್ಚಿನವರಲ್ಲಿ ಸೀಳುವ ಜಾಗವೂ ಒಂದೇ: ಅನ್ನನಾಳ ಜಠರವನ್ನು ಸೇರುವುದಕ್ಕೆ 2–3 ಸೆಂಟಿಮೀಟರ್ ಮೇಲೆ, ಎಡಕ್ಕೆ, ಸ್ವಲ್ಪ ಹಿಂಬದಿಗೆ. ಉಸಿರೆಳೆದಾಗಲೆಲ್ಲ ಎದೆಗೂಡು ಒಳಕ್ಕೆ ಸೆಳೆಯುತ್ತದಲ್ವಾ? ಅನ್ನ, ಆಸಿಡ್, ಜೊಲ್ಲು, ಬ್ಯಾಕ್ಟೀರಿಯಾ ಎಲ್ಲ ಆ ಸೀಳಿನಿಂದ ಎದೆಯೊಳಗೆ ಹೋಗಿ ಬೀಳುತ್ತವೆ. ಮೊದಲು ಸುಡುತ್ತದೆ. ಆಮೇಲೆ ಕೀವಾಗುತ್ತದೆ. ಆಮೇಲೆ ನಂಜು ರಕ್ತಕ್ಕೆ ಏರುತ್ತದೆ.

ಇದನ್ನು ಮೊದಲು ಬರೆದಿಟ್ಟವರು ನೆದರ್ಲೆಂಡ್ಸ್‌ನ ಲೈಡನ್ ನಗರದ ವೈದ್ಯ ಹರ್ಮನ್ ಬೋರ್ಹಾವ್. ರೋಗಿ ಡಚ್ ನೌಕಾಪಡೆಯ ಅಡ್ಮಿರಲ್ ಯಾನ್ ವಾನ್ ವಾಸೆನಾರ್. 1723ರ ಅಕ್ಟೋಬರ್‌ನಲ್ಲಿ ಅವರು ಹೊಟ್ಟೆ ತುಂಬ ಊಟ ಮಾಡಿದ್ದರು. ಆಮೇಲೆ ತಮ್ಮ ರೂಢಿಯಂತೆ ವಾಂತಿ ಬರಿಸುವ ಕಷಾಯ ಕುಡಿದರು. ಓಕರಿಸುತ್ತಿದ್ದವರು ಇದ್ದಕ್ಕಿದ್ದಂತೆ ಚೀರಿಕೊಂಡರು, ಒಳಗೆ ಏನೋ ಹರಿಯಿತು ಎಂದರು. ಒಂದು ದಿನ ತುಂಬುವ ಮೊದಲೇ ತೀರಿಕೊಂಡರು. ಬೋರ್ಹಾವ್ ಶವ ಕೊಯ್ದು ನೋಡಿದಾಗ ಎದೆಗೂಡಿನಿಂದ ಬಾತುಕೋಳಿ ಮಾಂಸದ ವಾಸನೆ ಬಂತು. ತಿಂದದ್ದು, ಕುಡಿದದ್ದು ಎರಡೂ ಶ್ವಾಸಕೋಶದ ಸುತ್ತ ನಿಂತಿದ್ದವು. 1724ರಲ್ಲಿ ಅವರು ಇದನ್ನೆಲ್ಲ ಅಚ್ಚು ಹಾಕಿಸಿದರು. ಸೀಳನ್ನು ಹೊಲಿದು ರೋಗಿಯನ್ನು ಉಳಿಸಿದ ಮೊದಲ ವರದಿಗಳು ಬರಲು 1947ರವರೆಗೆ ಕಾಯಬೇಕಾಯಿತು. ಅದರಲ್ಲೊಂದು ಲಂಡನ್ನಿನ ಸರ್ಜನ್ ನಾರ್ಮನ್ ಬ್ಯಾರೆಟ್ ಅವರದು.

ಈಗಲೂ ಜಾಸ್ತಿ ಕಾಣುವುದು ನಡುವಯಸ್ಸಿನ ಗಂಡಸರಲ್ಲಿ, ಭಾರೀ ಊಟ ಅಥವಾ ಕುಡಿತದ ನಂತರ. ಆದರೆ ಅಷ್ಟಕ್ಕೇ ಕಟ್ಟುಹಾಕಬೇಡಿ. ಹೆರಿಗೆಯಲ್ಲಿ ಮುಕ್ಕಿದಾಗ, ಫಿಟ್ಸ್ ಬಂದಾಗ, ಭಾರ ಎತ್ತಿದಾಗ, ವಿಪರೀತ ಕೆಮ್ಮಿದಾಗಲೂ ಒಡೆದದ್ದಿದೆ. ನಮ್ಮಲ್ಲಿ ಇನ್ನೊಂದು ರೂಢಿಯಿದೆ. ಏನಾದರೂ ನುಂಗಿದರೆ ಅಥವಾ ಕುಡಿದದ್ದು ಜಾಸ್ತಿಯಾದರೆ ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು. ದಯವಿಟ್ಟು ಮಾಡಬೇಡಿ. ವಿಷ ಕುಡಿದವರಿಗೂ ಇದರಿಂದ ಉಪಕಾರಕ್ಕಿಂತ ಅಪಾಯವೇ ಹೆಚ್ಚು.

ಇದಾ, ಅದಾ? ಮೊದಲ ಆಯ್ಕೆ ರೋಗದ್ದೇ

ಚಿಕಿತ್ಸೆ ಆರಿಸುವ ಮೊದಲು ಕಾಯಿಲೆ ಯಾವುದು ಎಂದು ಆರಿಸಬೇಕು. ಜೀವಗಳು ಜಾಸ್ತಿ ಹೋಗುವುದು ಇಲ್ಲೇ, ಯಾಕಂದರೆ ಹೊತ್ತು ಕಳೆಯುವುದು ಇಲ್ಲೇ.

ವೈದ್ಯಕೀಯ ಪಠ್ಯಪುಸ್ತಕದಲ್ಲಿ ಮೂರು ಲಕ್ಷಣ ಹೇಳುತ್ತಾರೆ: ವಾಂತಿ, ಎದೆನೋವು, ಚರ್ಮದಡಿ ಗಾಳಿ. ಮ್ಯಾಕ್ಲರ್ ತ್ರಯ ಅಂತ ಅದರ ಹೆಸರು. ಮೂರೂ ಒಟ್ಟಿಗೆ ಸಿಗುವುದು ಅರ್ಧಕ್ಕಿಂತ ಕಡಿಮೆ ಜನರಲ್ಲಿ. ಅವುಗಳಿಗೆ ಕಾದು ಕೂತರೆ ರೋಗಿ ಕೈತಪ್ಪುತ್ತಾರೆ. ಆದರೂ ಕತ್ತಿನ ಬುಡ, ಕಾಲರ್ ಮೂಳೆಯ ಮೇಲಿನ ಗುಳಿ ಮುಟ್ಟಿ ನೋಡಲು ಮರೆಯಬೇಡಿ. ಗಾಳಿ ಸೇರಿದ್ದರೆ ಬೆರಳಡಿ ಮಂಡಕ್ಕಿ ಒತ್ತಿದಂತೆ ಚರಚರ ಅನ್ನುತ್ತದೆ. ಒಮ್ಮೆ ಸಿಕ್ಕರೆ ಅನುಮಾನಕ್ಕೆ ಜಾಗವೇ ಕಡಿಮೆ.

ಮೂರಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಅನುಕ್ರಮ. ಮೊದಲು ವಾಂತಿಯಾಯಿತಾ, ಮೊದಲು ನೋವು ಬಂತಾ? ಹಾರ್ಟ್ ಅಟ್ಯಾಕ್‌ನಲ್ಲಿ ಸಾಮಾನ್ಯವಾಗಿ ಎದೆ ಹಿಂಡಿದ ಮೇಲೆ ಬೆವರು, ವಾಕರಿಕೆ ಬರುತ್ತದೆ. ಅನ್ನನಾಳ ಒಡೆದಾಗ ಎರಡು ಸಲ, ನಾಲ್ಕು ಸಲ ವಾಂತಿಯಾಗಿ, ಆ ಕ್ಷಣದಲ್ಲೇ ನೋವು ಸಿಡಿಯುತ್ತದೆ. ಎದೆಯ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ, ಎಡಬೆನ್ನಿಗೆ, ಎಡಭುಜಕ್ಕೆ. ನೀರು ನುಂಗಿದರೆ ನೋವು ಹೆಚ್ಚುತ್ತದೆ. ಈ ಒಂದು ಪ್ರಶ್ನೆ ಕೇಳಲು ಅರ್ಧ ನಿಮಿಷ ಸಾಕು. ರೋಗಿಗೆ ಹೇಳಲಾಗದಿದ್ದರೆ ಜೊತೆಗೆ ಬಂದವರನ್ನು ಕೇಳಿ. ಮನೆಯವರೂ ಅಷ್ಟೆ, ವೈದ್ಯರು ಕೇಳದಿದ್ದರೂ ನೀವೇ ಹೇಳಿ: "ಡಾಕ್ಟ್ರೇ, ಮೊದಲು ವಾಂತಿ ಆಯ್ತು, ಆಮೇಲೆ ನೋವು ಶುರುವಾಯ್ತು."

ಇಸಿಜಿ ಮಾಡಲೇಬೇಕು, ಹೃದಯಕ್ಕೆ ಪೆಟ್ಟಾಗಿದೆಯಾ ಎಂದು ತೋರಿಸುವ ಟ್ರೊಪೊನಿನ್ ರಕ್ತಪರೀಕ್ಷೆಗೆ ಕಳಿಸಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಇಸಿಜಿಯಲ್ಲಿ ಖಚಿತವಾದ ಬದಲಾವಣೆ ಇಲ್ಲದೆಯೇ ಹೆಪ್ಪುಗಟ್ಟಿದ ರಕ್ತ ಕರಗಿಸುವ ಮದ್ದಿಗೆ ಕೈಹಾಕುವುದು ಬೇಡ. ಹರಿದ ಅನ್ನನಾಳಕ್ಕೂ, ಸೀಳಿದ ಮಹಾಪಧಮನಿಗೂ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಆ ಮದ್ದು ಕೇಡು ಮಾಡುತ್ತದೆ.

ಮಹಾಪಧಮನಿ ಸೀಳಿದರೆ ನೋವು ಶುರುವಿನಲ್ಲೇ ತಾರಕಕ್ಕೇರಿ ಬೆನ್ನಿಗೆ ಇಳಿಯುತ್ತದೆ. ಇವರಲ್ಲಿ ಸಾಮಾನ್ಯವಾಗಿ ಬಿಪಿ ಕಾಯಿಲೆ ಮೊದಲಿನಿಂದಲೇ ಇರುತ್ತದೆ. ಎರಡು ಕೈಗಳ ಬಿಪಿಯಲ್ಲಿ ವ್ಯತ್ಯಾಸ ಕಾಣಬಹುದು. ಮೇದೋಜೀರಕದ ಉರಿಯೂತದಲ್ಲೂ ಕುಡಿತ, ವಾಂತಿ, ಬೆನ್ನಿಗೆ ಹೋಗುವ ನೋವು ಇರುತ್ತದೆ. ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಹಗುರ, ರಕ್ತದಲ್ಲಿ ಲೈಪೇಸ್ ಎಂಬ ಕಿಣ್ವ ಜಾಸ್ತಿ. ಹೊಟ್ಟೆಯ ಹುಣ್ಣು ತೂತಾದರೆ ಹೊಟ್ಟೆ ಹಲಗೆಯಾಗುತ್ತದೆ, ಎಕ್ಸ್‌ರೇಯಲ್ಲಿ ವಪೆಯ (ಎದೆ, ಹೊಟ್ಟೆ ನಡುವಿನ ಸ್ನಾಯುಪರದೆ) ಕೆಳಗೆ ಗಾಳಿ ಕಾಣುತ್ತದೆ. ಅನ್ನನಾಳ ಒಡೆದವರಲ್ಲೂ ಮೇಲ್ಹೊಟ್ಟೆ ಬಿಗಿಯುವುದುಂಟು. ಹಾಗೆ ಬಿಗಿದದ್ದನ್ನು ನಂಬಿ ಹೊಟ್ಟೆ ತೆರೆದು, ಒಳಗೆ ಏನೂ ಸಿಗದೆ ಸಮಯ ಹೋಗುವ ಅಪಾಯವಿದೆ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವುದು ಮ್ಯಾಲರಿ–ವೈಸ್ ಗಾಯ. 1929ರಲ್ಲಿ ವರ್ಣಿಸಿದ್ದು. ಅದೂ ವಾಂತಿಯಿಂದಲೇ ಆಗುತ್ತದೆ. ಆದರೆ ಅಲ್ಲಿ ಹರಿಯುವುದು ಒಳಗಿನ ಲೋಳೆಪದರ ಮಾತ್ರ, ಗೋಡೆ ಪೂರ್ತಿ ತೂತಾಗುವುದಿಲ್ಲ. ರಕ್ತವಾಂತಿ ಎದ್ದು ಕಾಣುತ್ತದೆ, ನೋವು ಕಡಿಮೆ, ಹೆಚ್ಚಿನವರಲ್ಲಿ ತಾನಾಗಿ ಮಾಯುತ್ತದೆ. ಬೋರ್ಹಾವ್‌ನಲ್ಲಿ ಇದರ ತಿರುವು ಮುರುವು: ನೋವು ಭಯಂಕರ, ರಕ್ತ ಅಷ್ಟಾಗಿ ಇಲ್ಲ. ರಕ್ತ ಬಂದಿಲ್ಲ ಅಂತ ಸಮಾಧಾನ ಪಡುವ ಹಾಗಿಲ್ಲ.

ಯಾವ ಪರೀಕ್ಷೆ ಮೊದಲು?

ಎದೆಯ ಎಕ್ಸ್‌ರೇ ಎಲ್ಲೆಡೆ ಸಿಗುತ್ತದೆ, ಅಗ್ಗ, ಐದು ನಿಮಿಷದ ಕೆಲಸ. ಎಡಗಡೆ ಶ್ವಾಸಕೋಶದ ಸುತ್ತ ನೀರು, ನೀರಿನ ಮೇಲೆ ಗಾಳಿ, ಹೃದಯದ ಅಂಚಿನಲ್ಲಿ ತೆಳ್ಳನೆಯ ಗಾಳಿಗೆರೆ ಕಂಡರೆ ಅರ್ಧ ಉತ್ತರ ಸಿಕ್ಕಂತೆ. ತೊಂದರೆ ಏನಂದರೆ, ಇವೆಲ್ಲ ಕಾಣಿಸಿಕೊಳ್ಳಲು ಹೊತ್ತು ಬೇಕು. ಮೊದಲ ಒಂದೆರಡು ಗಂಟೆಯ ಎಕ್ಸ್‌ರೇ ನಾರ್ಮಲ್ ಬರಬಹುದು. ನಾರ್ಮಲ್ ಎಕ್ಸ್‌ರೇ ಈ ಕಾಯಿಲೆಯನ್ನು ಅಲ್ಲಗಳೆಯುವುದಿಲ್ಲ.

ಕಾಂಟ್ರಾಸ್ಟ್, ಅಂದರೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಮದ್ದು, ನುಂಗಿಸಿ ತೆಗೆಯುವ ಚಿತ್ರ ಹಳೆಯ, ನಂಬಿಕೆಯ ಪರೀಕ್ಷೆ. ಸೀಳು ಎಷ್ಟು ಎತ್ತರದಲ್ಲಿದೆ, ಮದ್ದು ಯಾವ ಕಡೆ ಸೋರುತ್ತದೆ, ಸೋರಿದ್ದು ಒಂದೇ ಕಡೆ ನಿಲ್ಲುತ್ತದಾ ಎದೆಯೆಲ್ಲ ಹರಡುತ್ತದಾ ಎಂದು ಕಣ್ಣಿಗೇ ಕಾಣುತ್ತದೆ. ಇಲ್ಲಿ ಮದ್ದಿನ ಆಯ್ಕೆಯೇ ಒಂದು ವಿಷಯ. ಗ್ಯಾಸ್ಟ್ರೋಗ್ರಾಫಿನ್ ನೀರಿನಲ್ಲಿ ಕರಗುತ್ತದೆ, ಎದೆಯೊಳಗೆ ಸೋರಿದರೂ ಹೀರಿಹೋಗುತ್ತದೆ. ಆದರೆ ಉಸಿರುನಾಳಕ್ಕೆ ಇಳಿದರೆ ಶ್ವಾಸಕೋಶದಲ್ಲಿ ನೀರು ತುಂಬಿಸುತ್ತದೆ. ಸಣ್ಣ ತೂತುಗಳನ್ನು ಅದು ಬಿಟ್ಟುಬಿಡುವುದೂ ಉಂಟು. ಬೇರಿಯಂ ಸಣ್ಣ ಸೋರಿಕೆಯನ್ನೂ ಹಿಡಿಯುತ್ತದೆ, ಆದರೆ ಎದೆಯೊಳಗೆ ಉಳಿದರೆ ಉರಿಯೂತ ಹೆಚ್ಚಿಸುತ್ತದೆ. ಅದಕ್ಕೇ ಮೊದಲು ನೀರಲ್ಲಿ ಕರಗುವುದು, ಏನೂ ಕಾಣದೆ ಅನುಮಾನ ಉಳಿದರೆ ತೆಳು ಬೇರಿಯಂ ಎಂಬ ಕ್ರಮ ಬಂದಿದೆ. ಅರೆಪ್ರಜ್ಞೆಯಲ್ಲಿರುವವರಿಗೆ, ಕೂರಲಾಗದವರಿಗೆ ಈ ಪರೀಕ್ಷೆ ಆಗುವುದಿಲ್ಲ.

ಹಾಗಾಗಿ ಇವತ್ತು ಹೆಚ್ಚಿನ ಕಡೆ ಮೊದಲ ಆಯ್ಕೆ ಸಿ.ಟಿ. ಸ್ಕ್ಯಾನ್. ನಾನೂ ಅದಕ್ಕೇ ಮತ ಹಾಕುತ್ತೇನೆ. ರಕ್ತನಾಳಕ್ಕೆ ಕಾಂಟ್ರಾಸ್ಟ್ ಕೊಟ್ಟು, ನುಂಗಬಲ್ಲವರಿಗೆ ಟೇಬಲ್ ಮೇಲೆಯೇ ಒಂದೆರಡು ಗುಟುಕು ಕುಡಿಸಿ ಎದೆ, ಮೇಲ್ಹೊಟ್ಟೆ ಎರಡನ್ನೂ ತೆಗೆದರೆ ಅನ್ನನಾಳದ ಸುತ್ತಲಿನ ಗಾಳಿ, ದ್ರವ, ಕೀವಿನ ಗುಂಡಿಗಳು, ಎರಡೂ ಕಡೆಯ ಶ್ವಾಸಕೋಶ ಎಲ್ಲ ಒಂದೇ ಸಲಕ್ಕೆ ಕಾಣುತ್ತವೆ. ಮಹಾಪಧಮನಿ, ಮೇದೋಜೀರಕ, ಹುಣ್ಣಿನ ತೂತು ಹೌದೋ ಅಲ್ಲವೋ ಎಂಬುದೂ ಅದರಲ್ಲೇ ತಿಳಿಯುತ್ತದೆ. ಎಲ್ಲಿ ಪೈಪ್ ಹಾಕಿ ಕೊಳೆ ತೆಗೆಯಬೇಕು ಎಂಬ ನಕ್ಷೆಯನ್ನು ಬೇರೆ ಯಾವ ಪರೀಕ್ಷೆಯೂ ಇಷ್ಟು ಚೆನ್ನಾಗಿ ಕೊಡುವುದಿಲ್ಲ.

ಎಂಡೋಸ್ಕೋಪಿ ಬಗ್ಗೆ ಎರಡು ಅಭಿಪ್ರಾಯ ಇದೆ. ಒಳಗೆ ಗಾಳಿ ಊದಬೇಕಾಗುತ್ತದೆ, ಅದರಿಂದ ಸೀಳು ದೊಡ್ಡದಾಗಬಹುದು, ಎದೆಯಲ್ಲಿ ಗಾಳಿಯ ಒತ್ತಡ ಏರಬಹುದು. ಇನ್ನೊಂದು ಕಡೆ, ಸೀಳಿನ ಉದ್ದ, ಅಂಚಿನ ಬಣ್ಣ, ಸತ್ತ ಅಂಗಾಂಶ ಎಷ್ಟಿದೆ ಎಂದು ನೇರವಾಗಿ ನೋಡಲು ಬೇರೆ ದಾರಿಯಿಲ್ಲ. ಸಿ.ಟಿ.ಯಲ್ಲಿ ಗೊತ್ತಾದ ಮೇಲೆ, ಆಪರೇಷನ್ ಥಿಯೇಟರಿನಲ್ಲಿ, ಅನುಭವಿ ಕೈಯಲ್ಲಿ, ಸಾದಾ ಗಾಳಿ ಬಿಟ್ಟು ಇಂಗಾಲದ ಡೈಆಕ್ಸೈಡ್ ಊದಿ ಮಾಡುವುದಾದರೆ ಒಳ್ಳೆಯದೇ. ರೋಗ ಏನೆಂದು ಗೊತ್ತಿಲ್ಲದೆ, ಗ್ಯಾಸ್ಟ್ರಿಕ್ ಇರಬೇಕು ನೋಡೋಣ ಅಂತ ಓಪಿಡಿಯಲ್ಲಿ ಮಾಡುವುದಾದರೆ ಬೇಡ.

ಕೆಲವೊಮ್ಮೆ ರೋಗ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ಶ್ವಾಸಕೋಶದ ಸುತ್ತ ನೀರು ತುಂಬಿದೆ, ನ್ಯುಮೋನಿಯಾ ಇರಬಹುದು ಎಂದು ಎದೆಗೆ ಪೈಪ್ ಹಾಕುತ್ತಾರೆ. ಬಾಟಲಿಗೆ ಬರುವುದು ಕಂದು ಬಣ್ಣದ, ಹುಳಿ ನಾತದ ನೀರು, ಅದರಲ್ಲಿ ಅನ್ನದ ಅಗುಳು. ಅಗುಳು ಕಾಣದಿದ್ದರೂ ಆ ನೀರನ್ನು ಲ್ಯಾಬಿಗೆ ಕಳಿಸಿ. ಪಿಎಚ್ (ಹುಳಿಯ ಅಳತೆ) 6ಕ್ಕಿಂತ ಕಡಿಮೆ, ಜೊಲ್ಲಿನಲ್ಲಿರುವ ಅಮೈಲೇಸ್ ಕಿಣ್ವ ಜಾಸ್ತಿ ಬಂದರೆ ಅದು ಜೊಲ್ಲು ಮತ್ತು ಜಠರದ ರಸ ಎಂದೇ ಅನುಮಾನಿಸಬೇಕು. ಸಿ.ಟಿ. ಇಲ್ಲದ ಊರಿನಲ್ಲಿ ಇದೊಂದೇ ಸುಳಿವು ಸಾಕಾಗಬಹುದು.

ಯಾವ ಚಿಕಿತ್ಸೆಯಾದರೂ ತಪ್ಪದ ಕೆಲಸಗಳು

ಬಾಯಿಗೆ ಏನೂ ಕೊಡಬಾರದು. ನೀರೂ ಬೇಡ, ಮಾತ್ರೆಯೂ ಬೇಡ. ರಕ್ತನಾಳಕ್ಕೆ ದ್ರವ, ಆಕ್ಸಿಜನ್, ನೋವಿಗೆ ಗಟ್ಟಿ ಮದ್ದು, ಆಸಿಡ್ ತಗ್ಗಿಸುವ ಇಂಜೆಕ್ಷನ್, ವಾಂತಿ ನಿಲ್ಲಿಸುವ ಇಂಜೆಕ್ಷನ್. ಬಹುಬಗೆಯ ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯಾಟಿಕ್ ಮೊದಲ ಗಂಟೆಯಲ್ಲೇ ಶುರುವಾಗಬೇಕು, ವರದಿಗಳಿಗೆ ಕಾಯಬಾರದು. ಕೆಲವರಿಗೆ ಫಂಗಸ್ ಮದ್ದೂ ಬೇಕಾಗುತ್ತದೆ. ಎದೆಯಲ್ಲಿ ನೀರು, ಗಾಳಿ ತುಂಬಿದ್ದರೆ ಪೈಪ್ ಹಾಕಲೇಬೇಕು.

ಎರಡು ಎಚ್ಚರ. ಮೂಗಿನಿಂದ ಹೊಟ್ಟೆಗೆ ಹಾಕುವ ರೈಲ್ಸ್ ಟ್ಯೂಬನ್ನು ಕಣ್ಣಿಗೆ ಕಾಣದೆ ತಳ್ಳಬಾರದು, ಅದು ಸೀಳಿನಿಂದ ಎದೆಯೊಳಗೇ ಹೋಗಬಹುದು. ಉಸಿರಾಟಕ್ಕೆ ಕಷ್ಟ ಅಂತ ಮುಖಕ್ಕೆ ಬಿಗಿ ಮಾಸ್ಕ್ ಕಟ್ಟಿ ಒತ್ತಡದ ಗಾಳಿ ಕೊಡುವ ಬೈಪ್ಯಾಪ್ ಕೂಡ ಬೇಡ, ಆ ಗಾಳಿ ಅನ್ನನಾಳದ ದಾರಿ ಹಿಡಿಯುತ್ತದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಇಷ್ಟೂ ಮಾಡಬಹುದು. ಇಷ್ಟನ್ನೂ ಮಾಡಿಯೇ ಮುಂದಕ್ಕೆ ಕಳಿಸಬೇಕು.

ಹೊಲಿಗೆಯಾ, ಸ್ಟೆಂಟಾ, ಸ್ಪಂಜಾ, ಕಾದು ನೋಡುವುದಾ?

ಆಪರೇಷನ್ ಇಲ್ಲದೆ ಬರೀ ಮದ್ದಿನಲ್ಲಿ ನೋಡಿಕೊಳ್ಳುವುದು ಎಲ್ಲರಿಗೂ ಇಷ್ಟವಾಗುವ ಆಯ್ಕೆ. ಆದರೆ ಇದಕ್ಕೆ ಷರತ್ತುಗಳಿವೆ. 1979ರಲ್ಲಿ ಕ್ಯಾಮೆರಾನ್ ಮತ್ತು ಜೊತೆಗಾರರು ಹಾಕಿಕೊಟ್ಟ ಚೌಕಟ್ಟು ಈಗಲೂ ಬಳಕೆಯಲ್ಲಿದೆ: ಸೋರಿಕೆ ಎದೆಯ ನಡುಭಾಗದಲ್ಲೇ ಒಂದು ಗೂಡಿನಲ್ಲಿ ನಿಂತಿರಬೇಕು, ಸೋರಿದ ಕಾಂಟ್ರಾಸ್ಟ್ ಮರಳಿ ಅನ್ನನಾಳಕ್ಕೇ ಬರಬೇಕು, ತೊಂದರೆ ಅಲ್ಪ ಇರಬೇಕು, ನಂಜಿನ ಗುರುತು ಇರಬಾರದು. ಎಂಡೋಸ್ಕೋಪಿಯಲ್ಲಿ ಆದ ಸಣ್ಣ ತೂತುಗಳು ಇದಕ್ಕೆ ಹೊಂದುತ್ತವೆ, ಯಾಕಂದರೆ ರೋಗಿ ಖಾಲಿ ಹೊಟ್ಟೆಯಲ್ಲಿರುತ್ತಾರೆ, ಬೇಗ ಗೊತ್ತಾಗುತ್ತದೆ. ಬೋರ್ಹಾವ್‌ನಲ್ಲಿ ಊಟವೆಲ್ಲ ಒತ್ತಡದಿಂದ ಎದೆಗೆ ನುಗ್ಗಿರುತ್ತದೆ. ಹೊಂದುವವರು ಕೆಲವರೇ.

ಅನ್ನನಾಳ ತೂತಾದವರಿಗೆ ಅಪಾಯ ಎಷ್ಟು ಎಂದು ಎಣಿಸುವ ಪಿಟ್ಸ್‌ಬರ್ಗ್ ಅಂಕವೂ ಇದನ್ನೇ ತೋರಿಸುತ್ತದೆ. 75 ದಾಟಿದ ವಯಸ್ಸು, ವೇಗದ ನಾಡಿ, ಬಿಳಿರಕ್ತಕಣ ಹೆಚ್ಚಳ, ಶ್ವಾಸಕೋಶದ ಸುತ್ತ ನೀರು, ಇವುಗಳಿಗೆ ತಲಾ 1. ಜ್ವರ, ಗೂಡು ಮೀರಿದ ಸೋರಿಕೆ, ಉಸಿರಾಟದ ತೊಂದರೆ, 24 ಗಂಟೆ ಮೀರಿದ ವಿಳಂಬ, ಇವುಗಳಿಗೆ ತಲಾ 2. ಕ್ಯಾನ್ಸರ್, ಕುಸಿದ ಬಿಪಿ, ತಲಾ 3. ಒಟ್ಟು 18. ಎರಡರೊಳಗೆ ಇದ್ದರೆ ಅಪಾಯ ಕಡಿಮೆ, 3ರಿಂದ 5 ನಡುವಿನದು, 5 ದಾಟಿದರೆ ಗಂಭೀರ. ಎಣಿಸಿ ನೋಡಿ. ಬೋರ್ಹಾವ್‌ನ ಮಾಮೂಲಿ ರೋಗಿಗೆ ಹರಡಿದ ಸೋರಿಕೆ 2, ಎಡಗಡೆ ನೀರು 1, ನಾಡಿ 1. ಅಲ್ಲಿಗೇ 4 ಆಯಿತು. ಸ್ವಲ್ಪ ಜ್ವರ ಬಂದರೆ 6. ಬರೀ ಮದ್ದಿಗೆ ಒಪ್ಪಿದರೂ ಸರ್ಜನ್ ಪಕ್ಕದಲ್ಲಿರಬೇಕು, ಹದಗೆಟ್ಟರೆ ಅದೇ ದಿನ ಆಪರೇಷನ್ ಆಗುವಂತಿರಬೇಕು.

ಎದೆ ತೆರೆದು ಹೊಲಿಯುವುದು ಇಂದಿಗೂ ಈ ಕಾಯಿಲೆಯ ಅಳತೆಗೋಲು. ಎಡಗಡೆ ಏಳು–ಎಂಟನೇ ಪಕ್ಕೆಲುಬಿನ ನಡುವೆ ತೆರೆದು, ಮೊದಲು ಕೊಳೆಯನ್ನೆಲ್ಲ ತೊಳೆದು ತೆಗೆಯುತ್ತಾರೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಮೇಲೆ ಕಾಣುವ ಸ್ನಾಯುವಿನ ಸೀಳು ಚಿಕ್ಕದಿರುತ್ತದೆ, ಒಳಗಿನ ಲೋಳೆಪದರದ ಸೀಳು ಅದಕ್ಕಿಂತ ಉದ್ದ. ಕಂಡಷ್ಟೇ ಹೊಲಿದು ಮುಗಿಸಿದರೆ ಒಳಗಿನ ಎರಡು ತುದಿಗಳು ತೆರೆದೇ ಉಳಿಯುತ್ತವೆ. ಅದಕ್ಕೆ ಸರ್ಜನ್ ಸ್ನಾಯುವನ್ನು ಮೇಲಕ್ಕೂ ಕೆಳಕ್ಕೂ ಬೇಕೆಂದೇ ಇನ್ನಷ್ಟು ಬಿಡಿಸಿ, ಲೋಳೆಪದರದ ತುದಿ ಕಂಡ ಮೇಲೆ ಹೊಲಿಯುತ್ತಾರೆ. ಮೊದಲು ಲೋಳೆಪದರ, ಅದರ ಮೇಲೆ ಸ್ನಾಯು. ಆಮೇಲೆ ಪಕ್ಕೆಲುಬಿನ ನಡುವಿನ ಮಾಂಸದ ಪಟ್ಟಿಯನ್ನೋ, ಜಠರದ ಮೇಲ್ಭಾಗವನ್ನೋ ತಂದು ಹೊಲಿಗೆಯ ಮೇಲೆ ಹೊದಿಸುತ್ತಾರೆ. ಎದೆಗೆ ಪೈಪುಗಳು, ಹೊಟ್ಟೆಯಿಂದ ಸಣ್ಣಕರುಳಿಗೆ ಊಟದ ಟ್ಯೂಬ್. ದೊಡ್ಡ ಆಪರೇಷನ್, ನಿಜ. ಆದರೆ ಬೇಗ ಬಂದ, ಮೈ ಗಟ್ಟಿಯಿರುವ ರೋಗಿಗೆ ತೂತು ಮುಚ್ಚುವುದು, ಕೊಳೆ ತೆಗೆಯುವುದು ಎರಡೂ ಒಂದೇ ಸಲಕ್ಕೆ ಆಗುತ್ತವೆ. ನನ್ನ ಮನಸ್ಸು ಇದರ ಕಡೆ ವಾಲುವುದು ಆ ಕಾರಣಕ್ಕೆ. ಕೆಲವು ಕೇಂದ್ರಗಳಲ್ಲಿ ಇದನ್ನೇ ಕ್ಯಾಮೆರಾ ಹಾಕಿ ಸಣ್ಣ ರಂಧ್ರಗಳಿಂದ ಮಾಡುತ್ತಾರೆ. ಬಿಪಿ ಸ್ಥಿರವಾಗಿರುವವರಿಗೆ, ಕೈ ಪಳಗಿದ ಸರ್ಜನ್ ಇದ್ದರೆ ಒಳ್ಳೆಯ ದಾರಿ.

24 ಗಂಟೆ ಮೀರಿದರೆ ಹೊಲಿಯಲೇಬಾರದು ಅನ್ನುವ ಹಳೆಯ ಪಾಠ ಈಗ ಸಡಿಲವಾಗಿದೆ. ಗಡಿಯಾರ ಮುಖ್ಯ, ತಡವಾದಷ್ಟೂ ಸಾವು ಹೆಚ್ಚು. ಆದರೆ ಹೊಲಿಯುವುದೋ ಬಿಡುವುದೋ ಎಂದು ಹೇಳಬೇಕಾದ್ದು ಅಂಗಾಂಶ. ಅಂಚು ದಾರ ಹಿಡಿಯುವಷ್ಟು ಜೀವಂತವಾಗಿದ್ದರೆ 30ನೇ ಗಂಟೆಯಲ್ಲೂ ಹೊಲಿಯಬಹುದು. ಕೊಳೆತು ಕೈಗೆ ಕಿತ್ತು ಬರುವಂತಿದ್ದರೆ 12ನೇ ಗಂಟೆಯಲ್ಲೂ ಹೊಲಿಗೆ ನಿಲ್ಲುವುದಿಲ್ಲ.

ಹಾಗೆ ನಿಲ್ಲದಿದ್ದಾಗ ಟಿ ಆಕಾರದ ಟ್ಯೂಬನ್ನು ಸೀಳಿನೊಳಗೇ ಇಟ್ಟು, ಸೋರಿಕೆಗೆ ಹೊರಗೆ ಬರುವ ದಾರಿ ಮಾಡಿಕೊಡುತ್ತಾರೆ. ವಾರಗಳ ನಂತರ ಟ್ಯೂಬ್ ತೆಗೆದರೆ ಆ ದಾರಿ ತಾನಾಗಿ ಮುಚ್ಚುತ್ತದೆ. ಇನ್ನೂ ಕೆಟ್ಟ ಸ್ಥಿತಿಯಲ್ಲಿ ಕತ್ತಿನಲ್ಲಿ ಅನ್ನನಾಳವನ್ನು ಹೊರಗೆ ತೆರೆದು ಜೊಲ್ಲನ್ನು ತಿರುಗಿಸುವುದು ಅಥವಾ ಅನ್ನನಾಳವನ್ನೇ ತೆಗೆಯುವುದು. ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಯಾಕಂದರೆ ಆಮೇಲೆ ಇನ್ನೊಂದು ದೊಡ್ಡ ಆಪರೇಷನ್ ಕಾದಿರುತ್ತದೆ.

ಸ್ಟೆಂಟ್ ಬಗ್ಗೆ ಮನೆಯವರು ಜಾಸ್ತಿ ಕೇಳುತ್ತಾರೆ, ಹೃದಯದ ಸ್ಟೆಂಟ್ ಹೆಸರು ಪರಿಚಿತವಲ್ವಾ. ಇಲ್ಲಿ ಹಾಕುವುದು ಹೊದಿಕೆಯಿರುವ, ತಾನೇ ಅಗಲವಾಗುವ ಲೋಹದ ಜಾಲರಿ. ಎಂಡೋಸ್ಕೋಪಿಯಲ್ಲಿ ಇಟ್ಟು ಸೀಳನ್ನು ಒಳಗಿನಿಂದ ಮುಚ್ಚುತ್ತಾರೆ, 2ರಿಂದ 6 ವಾರದಲ್ಲಿ ತೆಗೆಯುತ್ತಾರೆ. ಎದೆ ಸೀಳಬೇಕಿಲ್ಲ, ವಯಸ್ಸಾದವರು, ಹೃದಯ ದುರ್ಬಲವಿರುವವರು ತಡೆದುಕೊಳ್ಳುತ್ತಾರೆ. ಆದರೆ ಬೋರ್ಹಾವ್ ಸೀಳು ಇರುವ ಜಾಗ ಸ್ಟೆಂಟಿಗೆ ಅನುಕೂಲದ್ದಲ್ಲ. ಕೆಳತುದಿ ಜಠರಕ್ಕೆ ಇಳಿದು ಹಿಡಿತ ಇಲ್ಲದೆ ತೂಗಾಡುತ್ತದೆ. ಕ್ಯಾನ್ಸರ್ ಗಂಟಿನಂತೆ ಅದನ್ನು ಕಚ್ಚಿ ಹಿಡಿಯುವ ಬಿಗಿತವೂ ಇಲ್ಲ. ಹಾಗಾಗಿ ಜಾರುತ್ತದೆ. ಜಾಲರಿಯ ಪಕ್ಕದಿಂದ ಸೋರುವುದೂ ಉಂಟು. ಮುಖ್ಯವಾಗಿ, ಸ್ಟೆಂಟ್ ಎದೆಯೊಳಗಿನ ಅನ್ನವನ್ನು ಹೊರಗೆ ತರುವುದಿಲ್ಲ. ಸ್ಟೆಂಟ್ ಹಾಕುತ್ತೇವೆ ಎಂದರೆ, ಕೊಳೆ ತೆಗೆಯಲು ಏನು ಮಾಡುತ್ತೀರಿ ಎಂದು ಕೇಳಿ. ಕ್ಯಾಮೆರಾ ಹಾಕಿ ಎದೆ ತೊಳೆದು ಪೈಪ್ ಇಡುತ್ತೇವೆ ಎಂಬ ಉತ್ತರ ಬಂದರೆ ಧೈರ್ಯವಾಗಿ ಒಪ್ಪಬಹುದು. ಸ್ಟೆಂಟ್ ಸಾಕು ಅಂದರೆ ಇನ್ನೊಬ್ಬ ಸರ್ಜನ್ ಅಭಿಪ್ರಾಯ ಕೇಳುವುದು ಒಳ್ಳೆಯದು.

ಸ್ಪಂಜ್ ಚಿಕಿತ್ಸೆ ಹೊಸದು. ನನಗೆ ಹೆಚ್ಚು ಭರವಸೆ ಇರುವುದೂ ಇದರಲ್ಲೇ. ರೈಲ್ಸ್ ಟ್ಯೂಬಿನ ತುದಿಗೆ ಸ್ಪಂಜಿನ ತುಂಡು ಕಟ್ಟಿ, ಎಂಡೋಸ್ಕೋಪಿನಲ್ಲಿ ನೋಡುತ್ತಾ ಸೀಳಿನ ಬಾಯಲ್ಲಿ ಅಥವಾ ಅದರ ಹಿಂದಿನ ಕೀವುಗುಂಡಿಯಲ್ಲೇ ಇಡುತ್ತಾರೆ. ಟ್ಯೂಬಿನ ಇನ್ನೊಂದು ತುದಿ ಮೂಗಿನಿಂದ ಹೊರಬಂದು ಸಕ್ಷನ್ ಪಂಪಿಗೆ ಸೇರುತ್ತದೆ. ಒತ್ತಡ ಸಾಮಾನ್ಯವಾಗಿ ಮೈನಸ್ 125 ಮಿಲಿಮೀಟರ್ ಪಾದರಸ. ಕೀವನ್ನು ಬಿಡದೆ ಹೀರುತ್ತಾ, ಗುಂಡಿಯ ಗೋಡೆಗಳನ್ನು ಹತ್ತಿರ ಎಳೆಯುತ್ತದೆ. ಮುಚ್ಚುವುದು, ಹೊರತೆಗೆಯುವುದು ಎರಡನ್ನೂ ಒಟ್ಟಿಗೆ ಮಾಡುವ ಎಂಡೋಸ್ಕೋಪಿ ಚಿಕಿತ್ಸೆ ಇದು. 3ರಿಂದ 5 ದಿನಕ್ಕೊಮ್ಮೆ ಸ್ಪಂಜ್ ಬದಲಿಸಬೇಕು, ತಡವಾದರೆ ಹೊಸ ಮಾಂಸ ಅದರೊಳಗೆ ಬೆಳೆದು ಕೀಳುವಾಗ ರಕ್ತ ಬರುತ್ತದೆ. ಅಂದರೆ ಪದೇ ಪದೇ ಎಂಡೋಸ್ಕೋಪಿ, ಪ್ರತಿ ಸಲ ಅರಿವಳಿಕೆ, ವಾರಗಟ್ಟಲೆ ಆಸ್ಪತ್ರೆ, ಅದಕ್ಕೆ ತಕ್ಕ ಖರ್ಚು. ಎಲ್ಲ ಕಡೆ ಇದು ಸಿಗುವುದೂ ಇಲ್ಲ. ಸ್ಪಂಜ್ ತಲುಪದ ದೂರದ ಕೊಳೆಗೆ ಬೇರೆ ಪೈಪ್ ಬೇಕೇ ಬೇಕು.

ಕ್ಲಿಪ್ ಹಾಕಿ ಮುಚ್ಚುವುದು ಸಣ್ಣ, ತಾಜಾ, ಸ್ವಚ್ಛ ತೂತಿಗೆ. ಬೋರ್ಹಾವ್‌ನಲ್ಲಿ ಆ ಮೂರೂ ಸಿಗುವುದು ವಿರಳ.

ಹೀಗೆ ತೂಗಿದರೆ ನನ್ನ ಲೆಕ್ಕ ಇದು. ಕೆಲವೇ ಗಂಟೆಗಳಲ್ಲಿ ಬಂದ, ಎದೆಯೆಲ್ಲ ಹರಡಿದ ಸೋರಿಕೆಯಿರುವ, ಅರಿವಳಿಕೆ ತಡೆದುಕೊಳ್ಳುವ 45ರ ವ್ಯಕ್ತಿಗೆ ಹೊಲಿಗೆ. ಎರಡು ದಿನ ಕಳೆದು ಬಂದ, ಬಿಪಿ ಕುಸಿದವರಿಗೆ ಮೊದಲು ಎದೆ ತೊಳೆದು ಪೈಪ್, ಐಸಿಯು. ಸೀಳಿಗೆ ಸ್ಪಂಜ್, ಸ್ಟೆಂಟ್ ಅಥವಾ ಟಿ ಟ್ಯೂಬ್, ಯಾವುದರಲ್ಲಿ ಆ ತಂಡದ ಕೈ ಪಳಗಿದೆಯೋ ಅದು. ಹೊಲಿದ ಮೇಲೆ ಮತ್ತೆ ಸೋರಿದರೆ ಸ್ಪಂಜ್ ಅಥವಾ ಸ್ಟೆಂಟ್. ಸೋರಿಕೆ ಒಂದೇ ಗೂಡಿನಲ್ಲಿ ನಿಂತು, ರೋಗಿ ಆರಾಮಾಗಿ ಮಾತಾಡುತ್ತಿದ್ದರೆ ಮದ್ದು ಮತ್ತು ಹದ್ದಿನ ಕಣ್ಣು.

ಯಾವ ಆಸ್ಪತ್ರೆ?

ಹತ್ತಿರದ್ದು ಮೊದಲು, ಸರಿಯಾದದ್ದು ಆಮೇಲೆ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ದ್ರವ, ಆ್ಯಂಟಿಬಯಾಟಿಕ್, ಪೈಪ್ ಆದ ಮೇಲೆ ಮುಂದಕ್ಕೆ. ಮುಂದಿನ ಆಸ್ಪತ್ರೆಗೆ ಹೊರಡುವ ಮೊದಲೇ ಫೋನಿನಲ್ಲಿ ಕೇಳಿಸಿ: ರಾತ್ರಿಯೂ ಸಿ.ಟಿ. ಆಗುತ್ತದಾ? ಎದೆ ತೆರೆಯಬಲ್ಲ ಸರ್ಜನ್ ಇವತ್ತೇ ಸಿಗುತ್ತಾರಾ? ಚಿಕಿತ್ಸೆ ಮಾಡಬಲ್ಲ ಎಂಡೋಸ್ಕೋಪಿ ತಂಡ ಇದೆಯಾ? ಐಸಿಯು ಬೆಡ್ ಖಾಲಿ ಇದೆಯಾ? ಸರ್ಜನ್ ಇಲ್ಲ, ನಾಳೆ ಬರುತ್ತಾರೆ ಅಂದರೆ ಅಲ್ಲಿಗೆ ಹೋಗುವುದರಲ್ಲಿ ಅರ್ಥವಿಲ್ಲ. ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಂಗಳೂರಿನ ದೊಡ್ಡ ಬೋಧನಾ ಆಸ್ಪತ್ರೆಗಳಿಗೆ ಫೋನ್ ಮಾಡುವಾಗಲೂ ಇದೇ ಪ್ರಶ್ನೆಗಳು. ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಸೇರಿಸುವಾಗಲೇ ಆಸ್ಪತ್ರೆಯಲ್ಲಿರುವ ಆ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರನ್ನು ನೋಡಿ. ಈ ಕಾಯಿಲೆಯಲ್ಲಿ ಖರ್ಚು ಒಂದು ಆಪರೇಷನ್ನಿಗೆ ಮುಗಿಯುವುದಿಲ್ಲ, ಐಸಿಯು ದಿನಗಳು ಸೇರುತ್ತಾ ಹೋಗುತ್ತವೆ.

ಆಮೇಲೆ

ಹೊಲಿದು ಸುಮಾರು ಒಂದು ವಾರಕ್ಕೆ ಕಾಂಟ್ರಾಸ್ಟ್ ನುಂಗಿಸಿ ನೋಡುತ್ತಾರೆ. ಸೋರದಿದ್ದರೆ ಗುಟುಕು ನೀರು, ಆಮೇಲೆ ಗಂಜಿ, ಆಮೇಲೆ ಮೆತ್ತನೆಯ ಅನ್ನ. ಸ್ವಲ್ಪ ಸೋರಿದರೂ ಆಪರೇಷನ್ ಹಾಳಾಯಿತು ಅಂತ ಎದೆಗುಂದಬೇಡಿ. ಪೈಪಿನಿಂದ ಸರಿಯಾಗಿ ಹೊರಗೆ ಬರುತ್ತಿದ್ದರೆ, ಜ್ವರ ಇಲ್ಲದಿದ್ದರೆ, ಹೆಚ್ಚಿನವು ತಾನಾಗಿ ಮುಚ್ಚುತ್ತವೆ. ಅಲ್ಲಿಯವರೆಗೆ ಊಟ ಕರುಳಿನ ಟ್ಯೂಬಿನಿಂದ. ಆ ಟ್ಯೂಬನ್ನು ಬೇಗ ತೆಗೆಸುವ ಅವಸರ ಬೇಡ.

ತಿಂಗಳುಗಳ ನಂತರ ಅನ್ನ ಗಂಟಲಲ್ಲಿ ನಿಂತಂತೆ ಅನ್ನಿಸಿದರೆ ಮಾಯ್ದ ಜಾಗ ಕಿರಿದಾಗಿರಬಹುದು, ಎಂಡೋಸ್ಕೋಪಿಯಲ್ಲಿ ಹಿಗ್ಗಿಸಬಹುದು. ಗಾಯ ಪೂರ್ತಿ ಮಾಯ್ದ ಮೇಲೆ ಒಮ್ಮೆ ಎಂಡೋಸ್ಕೋಪಿ ಮಾಡಿ ಚೂರು ಅಂಗಾಂಶ ಪರೀಕ್ಷೆಗೆ ಕಳಿಸುವುದು ಒಳ್ಳೆಯದು. ಇಯೊಸಿನೊಫಿಲ್ ಎಂಬ ಬಿಳಿರಕ್ತಕಣಗಳು ಸೇರಿ ಅನ್ನನಾಳ ಬಿರುಸಾಗುವ ಕಾಯಿಲೆ ಕೆಲವರಲ್ಲಿ ಮೊದಲೇ ಇರುತ್ತದೆ. ಚಿಕ್ಕ ವಯಸ್ಸಿನವರಲ್ಲಿ, ಊಟ ಸಿಕ್ಕಿಹಾಕಿಕೊಂಡು ಓಕರಿಸುವಾಗ ಒಡೆದವರಲ್ಲಿ ಇದನ್ನು ಹುಡುಕಲೇಬೇಕು, ಯಾಕಂದರೆ ಅದಕ್ಕೆ ಬೇರೆಯೇ ಮದ್ದಿದೆ. ಮತ್ತೆ ಒಡೆಯುವುದು ತೀರಾ ವಿರಳ. ಆದರೂ ವಾಂತಿ ಶುರುವಾದರೆ ತಡೆಯುವ ಮದ್ದನ್ನು ಬೇಗ ತೆಗೆದುಕೊಳ್ಳಿ, ಕುಡಿತ ಬಿಡಲು ನೆರವು ಬೇಕಿದ್ದರೆ ಡಿಸ್ಚಾರ್ಜ್ ಆಗುವ ಮೊದಲೇ ಕೇಳಿ.

ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ತೆಗೆಯುವ ತಾರೀಖನ್ನು ಡಿಸ್ಚಾರ್ಜ್ ಕಾಗದದ ಮೇಲೆ ದಪ್ಪಗೆ ಬರೆಸಿಕೊಳ್ಳಿ. ಆರಾಮಾಗಿದೆ ಅಂತ ಮರೆತುಬಿಟ್ಟರೆ ಜಾಲರಿ ಗೋಡೆಗೆ ಬೆಸೆದುಕೊಳ್ಳುತ್ತದೆ, ಒಳಗೊಳಗೇ ಕೊರೆಯಲೂ ಬಹುದು. ಮನೆಯಲ್ಲಿ ಇನ್ನೊಬ್ಬರ ಫೋನಿನಲ್ಲೂ ಆ ತಾರೀಖು ಇರಲಿ.